ಬಳ್ಳಾರಿಯ ಜಾನ್ ಹ್ಯಾಂಡ್ಸ್ ಪಾದ್ರಿಗಳು

ಬಳ್ಳಾರಿ, ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಗಳಲ್ಲಿ ಆದಿತ್ಯವಾರದ ದಿವಸ ಕನ್ನಡ ಸತ್ಯವೇದವನ್ನು ಕೈಯಲ್ಲಿ ಹಿಡಿದು ಪ್ರಾರ್ಥನಾಲಯಕ್ಕೆ ಹೋಗುವವರು ಅನೇಕರುಂಟು. ಆದರೆ ಸಂಪೂರ್ಣ ಸತ್ಯವೇದವು ಮೊತ್ತಮೊದಲು ಕನ್ನಡದ ಮಾತುಗಳನ್ನು ಉಟ್ಟುಕೊಂಡದ್ದು ಇದೇ ಸೀಮೆಯ ಬಳ್ಳಾರಿಯ ಪೇಟೆಯಲ್ಲಿ ಎಂಬದನ್ನು ಬಲ್ಲವರು ವಿರಳ. ಆ ಕೆಲಸಕ್ಕೆ ತಮ್ಮ ಯೌವನವನ್ನೂ ದೇಹಾರೋಗ್ಯವನ್ನೂ ಸವೆಯಿಸಿದ ಮಹನೀಯರು ಲಂಡನ್ ಮಿಶನಿನ ರೆವರೆಂಡ್ ಜಾನ್ ಹ್ಯಾಂಡ್ಸರು. ಅವರ ಜೀವಿತವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಇಡುವದಕ್ಕೆ ಎರಡು ಕಾರಣಗಳುಂಟು. ಉಪಕಾರಸ್ಮರಣೆಯು ಮೊದಲನೆಯದು. ಪಟ್ಟಣದಲ್ಲಿ ಸಭೆಯು ಮಾಡತಕ್ಕ ಸೇವೆ ಯಾವದು ಎಂಬ ಪ್ರಶ್ನೆಯು ಎರಡನೆಯದು. ಈ ಪ್ರಶ್ನೆಗೆ ಇನ್ನೂರು ವರ್ಷಗಳಲ್ಲಿ ಸಭೆಗಳು ಕೊಟ್ಟ ಉತ್ತರಗಳು ಒಂದೇ ಆಗಿರಲಿಲ್ಲ. ಆ ಉತ್ತರಗಳು ಬದಲಾದ ದಾರಿಯಲ್ಲಿಯೇ ನಮ್ಮದರಂತಹ ಹೆಣ್ಣುಮಕ್ಕಳ ಶಾಲೆಗಳು ಹುಟ್ಟಿಕೊಂಡವು.

ಹ್ಯಾಂಡ್ಸರು 1780ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಅದೇ ವರ್ಷ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾಕರ್ತರು, ವಾರವೆಲ್ಲಾ ದುಡಿದು ಆದಿತ್ಯವಾರ ಬೀದಿಯಲ್ಲಿ ಅಲೆಯುತ್ತಿದ್ದ ಬಡ ಮಕ್ಕಳಿಗೆ ಓದು ಕಲಿಸುವದಕ್ಕಾಗಿ ಸಬ್ಬತ್ ಶಾಲೆಯನ್ನು ತೆರೆದರು. ಗಿರಣಿಗಳಿಂದಲೂ ಯಂತ್ರಗಳಿಂದಲೂ ಆ ದೇಶದ ಪಟ್ಟಣಗಳು ದಿನೇ ದಿನೇ ಬೆಳೆಯುತ್ತಿದ್ದ ಕಾಲವದು. ಹಳ್ಳಿಯ ಒಕ್ಕಲುಗಳಿಗೆ ಒಗ್ಗಿದ್ದ ಸಭೆಗೆ ಪಟ್ಟಣದ ಜನಸಂದಣಿಯಲ್ಲಿ ಏನು ಮಾಡಬೇಕೆಂಬದು ತೋಚದೆ ಇತ್ತು. ಈ ಕಳವಳದಲ್ಲಿಯೇ ಅಲ್ಲಿನ ಭಕ್ತರಲ್ಲಿ ಒಂದು ಹೊಸ ಉತ್ಸಾಹವು ಹುಟ್ಟಿ, ಪರದೇಶಗಳಿಗೂ ಸುವಾರ್ತೆಯನ್ನು ಕಳುಹಿಸಬೇಕೆಂಬ ಸಂಕಲ್ಪವಾಗಿ, 1795ರಲ್ಲಿ ಲಂಡನ್ ಮಿಶನರಿ ಸಂಘವು ಸ್ಥಾಪಿತವಾಯಿತು. ಹ್ಯಾಂಡ್ಸರು ಆ ಸಂಘದ ಸೇವಕರಾಗಿ ಹಡಗನ್ನೇರಿ, ತಿಂಗಳುಗಟ್ಟಲೆ ಸಮುದ್ರಯಾನ ಮಾಡಿ, 1810ರಲ್ಲಿ ಮದರಾಸನ್ನು ಮುಟ್ಟಿದರು.

ಆ ಕಾಲದಲ್ಲಿ ಈ ದೇಶಕ್ಕೆ ಮಿಶನರಿಗಳು ಬರುವದು ಸುಲಭವಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯವರು ವ್ಯಾಪಾರವನ್ನೂ ಕಂದಾಯವನ್ನೂ ನೋಡಿಕೊಳ್ಳುವದರಲ್ಲಿ ತತ್ಪರರಾಗಿದ್ದರು. ಧರ್ಮದ ಮಾತೆತ್ತಿದರೆ ಜನರು ಕೆರಳುವರೆಂದು ಭಯಪಡುತ್ತಿದ್ದರು. 1806ರಲ್ಲಿ ವೇಲೂರಿನ ಸಿಪಾಯಿಗಳು ದಂಗೆಯೆದ್ದ ಮೇಲಂತೂ ಈ ಭಯವು ಇಮ್ಮಡಿಯಾಗಿತ್ತು. ವಿಲಿಯಂ ಕೇರಿಯವರು ಕಂಪನಿಯ ಸೀಮೆಯನ್ನು ಬಿಟ್ಟು ಡೇನರ ವಶದಲ್ಲಿದ್ದ ಸೀರಾಂಪುರದಲ್ಲಿ ನೆಲೆಸಬೇಕಾಗಿ ಬಂದದ್ದು ಇದೇ ಕಾರಣದಿಂದ. 1813ರಲ್ಲಿ ಪಾರ್ಲಿಮೆಂಟು ಕಂಪನಿಯ ಸನ್ನದನ್ನು ತಿದ್ದಿದ ಮೇಲೆಯೇ ಮಿಶನರಿಗಳಿಗೆ ಬಾಗಿಲು ತೆರೆಯಿತು. ಹ್ಯಾಂಡ್ಸರನ್ನು ಸಂಘದವರು ಶ್ರೀರಂಗಪಟ್ಟಣಕ್ಕೆ ನೇಮಿಸಿದ್ದರು. ಅಲ್ಲಿಗೆ ಹೋಗುವದು ಅನುಕೂಲವಾಗದ್ದರಿಂದ ಅವರು ಬಳ್ಳಾರಿಯ ದಾರಿಯನ್ನು ಹಿಡಿದರು. ಮನುಷ್ಯರು ಒಂದು ಊರನ್ನು ಗೊತ್ತುಮಾಡಿದರೆ ದೈವಸಂಕಲ್ಪವು ಇನ್ನೊಂದು ಊರನ್ನು ತೋರಿಸಿತು.

ಆಗಿನ ಬಳ್ಳಾರಿಯು ಎಂತಹದು? ನಿಜಾಮರು 1800ರಲ್ಲಿ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರು. ತಾಮಸ್ ಮನ್ರೋ ಸಾಹೇಬರು ಏಳು ವರ್ಷ ಕಲೆಕ್ಟರರಾಗಿದ್ದು ರೈತವಾರಿ ಕಂದಾಯವನ್ನು ನೆಲೆಗೊಳಿಸಿ ಹೋಗಿದ್ದರು. ಬಂಡೆಯ ಬೆಟ್ಟದ ಮೇಲೆ ಕೋಟೆ, ಅದರ ಬುಡದಲ್ಲಿ ದಂಡು, ದಂಡಿನ ಸುತ್ತಲೂ ಬೆಳೆಯುತ್ತಿದ್ದ ಪೇಟೆಗಳು. ಗೋರಾ ಸೋಲ್ಜರರೂ, ಮದರಾಸಿನ ಕಡೆಯಿಂದ ಬಂದ ಸಿಪಾಯಿಗಳೂ, ಅವರಿಗೆ ಅಕ್ಕಿ ಬೇಳೆ ಬಟ್ಟೆ ಮಾರುವ ಸೆಟ್ಟರೂ, ಕಚೇರಿಯ ಗುಮಾಸ್ತರೂ, ಕೂಲಿಗಾಗಿ ಹಳ್ಳಿಗಳಿಂದ ಬಂದ ಬಡವರೂ ಅಲ್ಲಿ ಸೇರಿದ್ದರು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದೂಸ್ಥಾನಿ ಮಾತುಗಳು ಕೇಳಿಬರುತ್ತಿದ್ದವು. ಇಂತಹ ಊರಿಗೆ ಮೂವತ್ತು ವರ್ಷ ಪ್ರಾಯದ ಹ್ಯಾಂಡ್ಸರು, ಜನರ ಭಾಷೆಯ ಒಂದಕ್ಷರವನ್ನೂ ಅರಿಯದೆ ಬಂದು ಇಳಿದರು.

ಪಟ್ಟಣದ ಸೇವೆಯೆಂದರೆ ಆಗಿನ ಸಭೆಗಳು ತಿಳಿದಿದ್ದದ್ದು ಇಷ್ಟೇ: ಯೂರೋಪಿನವರಿರುವಲ್ಲಿ ಅವರಿಗೆ ದೇವಾರಾಧನೆಯನ್ನು ನಡಿಸುವದು, ಅವರ ಸಹಾಯದಿಂದ ಉಳಿದ ಕೆಲಸಕ್ಕೆ ಆಧಾರವನ್ನು ಮಾಡಿಕೊಳ್ಳುವದು. ಹ್ಯಾಂಡ್ಸರೂ ಅಲ್ಲಿಂದಲೇ ಆರಂಭಿಸಿದರು. ದಂಡಿನ ಸೋಲ್ಜರರಿಗೆ ಉಪದೇಶ ಮಾಡಿದರು. ಮನೆಮಠಗಳಿಂದ ದೂರವಾಗಿ, ಹೆಂಡಕ್ಕೂ ಜೂಜಿಗೂ ಒಳಗಾಗಿ, ರೋಗದಿಂದ ಅಕಾಲದಲ್ಲಿ ಸಾಯುತ್ತಿದ್ದ ಆ ಬಡ ಸಿಪಾಯಿಗಳಿಗೆ ಹಿತವಚನವು ಅಗತ್ಯವಾಗಿಯೇ ಇತ್ತು. ಸಾಹೇಬರಿಗೂ ಈ ದೇಶದ ಸ್ತ್ರೀಯರಿಗೂ ಹುಟ್ಟಿ ಎರಡು ಕಡೆಯವರಿಂದಲೂ ದೂರವಾದ ಮಕ್ಕಳು ದಂಡಿನಲ್ಲಿ ಬಹುಮಂದಿ ಇದ್ದರು. ಅಂಥವರಿಗಾಗಿ ಧರ್ಮಶಾಲೆಯು ನಡೆಯಿತು. ದಂಡಿನಲ್ಲಿ ಕೂಡಿದ ಆ ಚಿಕ್ಕ ಸಭೆಯವರೇ ಮುಂದಿನ ಶಾಲೆಗಳ ವೆಚ್ಚಕ್ಕೆ ಕೈಲಾದಷ್ಟು ಸಹಾಯಮಾಡಿದರು.

ಆದರೆ ಹ್ಯಾಂಡ್ಸರು ದಂಡಿನಲ್ಲಿಯೇ ನಿಂತುಬಿಡಲಿಲ್ಲ. ದಂಡು ಇಂದು ಇಲ್ಲಿದ್ದು ನಾಳೆ ಬೇರೆ ಕಡೆಗೆ ಹೋಗುವದು; ಪೇಟೆಯು ನೆಲೆಯಾಗಿ ಉಳಿಯುವದು. ಪೇಟೆಯವರೊಡನೆ ಮಾತಾಡಬೇಕಾದರೆ ಪೇಟೆಯ ಮಾತನ್ನು ಕಲಿಯಬೇಕು. ಈಗ ನಮ್ಮ ಹೆಣ್ಣುಮಕ್ಕಳು ಪುಸ್ತಕದಂಗಡಿಗೆ ಹೋಗಿ ನಿಘಂಟನ್ನೂ ವ್ಯಾಕರಣವನ್ನೂ ಕೊಂಡು ತರುವಷ್ಟು ಸುಲಭವಾಗಿ ಅಂದು ಯಾವದೂ ದೊರೆಯುತ್ತಿರಲಿಲ್ಲ. ಕೇರಿಯವರ ಕನ್ನಡ ವ್ಯಾಕರಣವು ಅಚ್ಚಾದದ್ದು 1817ರಲ್ಲಿ. ಹ್ಯಾಂಡ್ಸರಿಗೆ ಸಿಕ್ಕಿದ್ದು ಓಲೆಗರಿಗಳು, ಕೈಬರಹದ ಕಟ್ಟುಗಳು ಮತ್ತು ಮುನ್ಷಿಗಳ ಬಾಯಿಮಾತು. ಮುನ್ಷಿಯು ಹೇಳಿದ ಒಂದೊಂದು ಮಾತನ್ನು ಬರೆದುಕೊಂಡು, ಅದನ್ನು ಸಂತೆಯಲ್ಲಿಯೂ ಬೀದಿಯಲ್ಲಿಯೂ ಆಡಿ ನೋಡಿ, ತಪ್ಪನ್ನು ತಿದ್ದಿಕೊಂಡು, ತಮಗಾಗಿ ತಾವೇ ಶಬ್ದಗಳ ಪಟ್ಟಿಯನ್ನೂ ವ್ಯಾಕರಣದ ನಿಯಮಗಳನ್ನೂ ಕೂಡಿಸಿಕೊಳ್ಳಬೇಕಾಯಿತು. ಆ ಮುನ್ಷಿಗಳ ಹೆಸರುಗಳನ್ನು ಮುದ್ರಿತ ಪುಟಗಳ ಮೇಲೆ ಯಾರೂ ಕೆತ್ತಲಿಲ್ಲ. ಅವರು ಕ್ರೈಸ್ತರಾಗಿರಲಿಲ್ಲ, ಆದಾಗ್ಯೂ ಅವರ ಕಿವಿಯ ಸೂಕ್ಷ್ಮವೂ ನಾಲಿಗೆಯ ಶುದ್ಧಿಯೂ ಇಲ್ಲದಿದ್ದರೆ ಕನ್ನಡ ಸತ್ಯವೇದವು ಇರುತ್ತಿರಲಿಲ್ಲ. ಹ್ಯಾಂಡ್ಸರನ್ನು ನೆನೆಯುವವರು ಹೆಸರಿಲ್ಲದ ಈ ಗುರುಗಳನ್ನೂ ನೆನೆಯುವದು ನ್ಯಾಯ.

ಇದೇ ಸಮಯದಲ್ಲಿ ಪೇಟೆಯ ಮಕ್ಕಳಿಗಾಗಿ ಶಾಲೆಗಳು ತೆರೆದವು. ಮರಳ ಮೇಲೆ ಅಕ್ಷರ ತಿದ್ದುವದು, ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುವದು, ಓಲೆಯ ಮೇಲೆ ಬರೆಯುವದು, ಇವೆಲ್ಲಾ ಊರ ಅಯ್ಯಗಳ ಮಠದಲ್ಲಿ ನಡೆಯುತ್ತಿದ್ದ ಹಾಗೆಯೇ ನಡೆದವು. ಅದರೊಡನೆ ಸುವಾರ್ತೆಯ ಪಾಠವೂ ಸೇರಿತು. ತಾಯಿತಂದೆಗಳಿಗೆ ಸಂಶಯವಿಲ್ಲದೆ ಇರಲಿಲ್ಲ. ಮಕ್ಕಳನ್ನು ಹಡಗಿನಲ್ಲಿ ಹಾಕಿಕೊಂಡು ಹೋಗುವರೋ, ಜಾತಿಯನ್ನು ಕೆಡಿಸುವರೋ ಎಂಬ ಅಂಜಿಕೆಯು ಆ ಕಾಲದ ಮಿಶನ್ ಶಾಲೆಗಳೆಲ್ಲವೂ ಎದುರಿಸಿದ್ದೇ ಸರಿ. ಆದರೂ ಅಕ್ಷರದ ಆಸೆಯು ಅಂಜಿಕೆಗಿಂತ ಬಲವಾದದ್ದು. ಹೀಗೆ ಪಟ್ಟಣದ ಸೇವೆಯ ಅರ್ಥದಲ್ಲಿ ಮೊದಲನೆಯ ಬದಲಾವಣೆಯು ಹ್ಯಾಂಡ್ಸರ ಕೈಯಲ್ಲಿಯೇ ಆಯಿತು. ದಂಡಿನ ಪ್ರಾರ್ಥನಾಲಯದಿಂದ ಪೇಟೆಯ ಪಾಠಶಾಲೆಗೆ ಸಭೆಯು ಹೆಜ್ಜೆಯಿಟ್ಟಿತು.

ಭಾಷಾಂತರದ ಕೆಲಸವು ಶಾಲೆಗಿಂತಲೂ ದೀರ್ಘವಾದ ತಪಸ್ಸು. ಕೆಲವೇ ವರ್ಷಗಳೊಳಗೆ ಸುವಾರ್ತೆಗಳ ಕರಡು ಸಿದ್ಧವಾದಾಗ್ಯೂ, ಅದನ್ನು ತಿದ್ದಿ ತಿದ್ದಿ ಅಚ್ಚಿಗೆ ಕೊಡುವದಕ್ಕೆ ಎಷ್ಟೋ ಕಾಲ ಹಿಡಿಯಿತು. ದೇವರು, ಪಾಪ, ಕೃಪೆ, ಆತ್ಮ, ರಕ್ಷಣೆ ಎಂಬ ಮಾತುಗಳು ಕನ್ನಡಕ್ಕೆ ಹೊಸವಲ್ಲ. ಶರಣರೂ ದಾಸರೂ ಅವುಗಳನ್ನು ತಮ್ಮ ತಮ್ಮ ಭಕ್ತಿಯಿಂದ ತುಂಬಿದ್ದರು. ಆ ಪಾತ್ರೆಗಳಲ್ಲಿಯೇ ಹೊಸ ಅರ್ಥವನ್ನು ಹೊಯ್ಯುವದು ಸಾಮಾನ್ಯ ಕೆಲಸವಾಗಿರಲಿಲ್ಲ. 1816ರಲ್ಲಿ ವಿಲಿಯಂ ರೀವ್ ಎಂಬವರು ಬಳ್ಳಾರಿಗೆ ಬಂದು ಹ್ಯಾಂಡ್ಸರ ಜೊತೆಗೂಡಿದರು. ರೀವರ ಇಂಗ್ಲಿಷ್ ಕನ್ನಡ ನಿಘಂಟು 1824ರಲ್ಲಿಯೂ, ಕನ್ನಡ ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು. ಹ್ಯಾಂಡ್ಸರು ಹೊಸ ಒಡಂಬಡಿಕೆಯನ್ನು ಮುಗಿಸಿ ಹಳೆಯ ಒಡಂಬಡಿಕೆಗೆ ಕೈಹಾಕಿದರು. ಬಳ್ಳಾರಿಯಲ್ಲಿಯೇ ಮಿಶನಿನ ಅಚ್ಚುಕೂಟವು ಏರ್ಪಟ್ಟಿತು. ಕೊನೆಗೆ 1831ರಲ್ಲಿ, ಅವರು ಬಳ್ಳಾರಿಗೆ ಕಾಲಿಟ್ಟ ಇಪ್ಪತ್ತೊಂದನೆಯ ವರ್ಷದಲ್ಲಿ, ಸಂಪೂರ್ಣ ಕನ್ನಡ ಸತ್ಯವೇದವು ಹೊರಗೆ ಬಂದಿತು.

ಈ ಭಾಷಾಂತರವು ನಿರ್ದೋಷವಾದದ್ದೆಂದು ಹೇಳಲಾಗದು. ಅದರ ಶೈಲಿಯು ಕನ್ನಡದ ಜಾಯಮಾನಕ್ಕೆ ಸರಿಯಾಗಿಲ್ಲವೆಂದು ಮುಂದಿನ ಪೀಳಿಗೆಯ ಮಿಶನರಿಗಳೇ ಕಂಡುಕೊಂಡು, ಬೆಂಗಳೂರಿನ ಲಂಡನ್ ಮಿಶನಿನವರೂ ವೆಸ್ಲಿಯನ್ ಮಿಶನಿನವರೂ ಮಂಗಳೂರಿನ ಬಾಸೆಲ್ ಮಿಶನಿನವರೂ ಕೂಡಿ ಅದನ್ನು ಪುನಃ ತಿದ್ದಿದರು. ಆದರೆ ಇಲ್ಲದ್ದನ್ನು ತಿದ್ದುವದು ಯಾರಿಂದಲೂ ಆಗದು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಾಗಲೂ, 1837ರಲ್ಲಿ ಬೆಂಜಮಿನ್ ರೈಸರು ಬೆಂಗಳೂರಿಗೆ ಬಂದಾಗಲೂ, ಓದುವದಕ್ಕೂ ತಿದ್ದುವದಕ್ಕೂ ಒಂದು ಕನ್ನಡ ಸತ್ಯವೇದವು ಮೊದಲೇ ಇತ್ತು. ಅಡಿಗಲ್ಲು ಕಣ್ಣಿಗೆ ಕಾಣದಿದ್ದರೂ ಮನೆಯು ನಿಂತಿರುವದು ಅದರ ಮೇಲೆಯೇ.

ಬಳ್ಳಾರಿಯ ಪೇಟೆಯಿಂದ ಹ್ಯಾಂಡ್ಸರೂ ಅವರ ಜೊತೆಗಾರರೂ ಸುತ್ತಣ ಊರುಗಳಿಗೆ ಸಂಚಾರ ಹೋಗುತ್ತಿದ್ದರು. ಹಂಪಿಯಲ್ಲಿ ವಿರೂಪಾಕ್ಷನ ರಥೋತ್ಸವದ ಕಾಲದಲ್ಲಿ ಕೂಡುವ ಲಕ್ಷೋಪಲಕ್ಷ ಜನರನ್ನು ಕಂಡು, ಅಲ್ಲಿ ನಿಂತು ಉಪದೇಶಮಾಡಿ ಚಿಕ್ಕ ಪುಸ್ತಕಗಳನ್ನು ಹಂಚುವದು ಅವರ ಪದ್ಧತಿಯಾಗಿತ್ತು. ಇಲ್ಲಿ ಅವರ ಕಾಲದ ಒಂದು ಕೊರತೆಯನ್ನೂ ಮರೆಮಾಡದೆ ಹೇಳಬೇಕು. ಆ ಜಾತ್ರೆಯಲ್ಲಿ ಅವರು ಕಂಡದ್ದು ಅಂಧಕಾರವನ್ನು ಮಾತ್ರ. ಎತ್ತಿನ ಬಂಡಿ ಕಟ್ಟಿಕೊಂಡು ಮಕ್ಕಳುಮರಿಗಳೊಡನೆ ಬಂದ ರೈತನ ಭಕ್ತಿಯಲ್ಲಾಗಲಿ, ತುಂಗಭದ್ರೆಯ ದಡದ ಶಿಲ್ಪದಲ್ಲಾಗಲಿ ಗೌರವಿಸತಕ್ಕದ್ದು ಇದೆಯೆಂದು ಆ ಪೀಳಿಗೆಯವರಿಗೆ ತೋರಲಿಲ್ಲ. ನೆರೆಯವನ ಭಕ್ತಿಯನ್ನು ಹಳಿಯದೆ ತನ್ನ ನಂಬಿಕೆಯನ್ನು ಸಾಕ್ಷೀಕರಿಸುವ ವಿದ್ಯೆಯನ್ನು ಸಭೆಯು ಕಲಿತದ್ದು ಬಹುಕಾಲದ ಮೇಲೆ. ಎಲ್ಲಾ ಮತಗಳ ಹೆಣ್ಣುಮಕ್ಕಳು ಒಂದೇ ಬೆಂಚಿನ ಮೇಲೆ ಕೂತು ಓದುವ ಶಾಲೆಗಳೇ ಆ ವಿದ್ಯೆಯನ್ನು ಸಭೆಗೆ ಕಲಿಸಿದವು ಎಂದರೆ ಅತಿಶಯೋಕ್ತಿಯಾಗಲಾರದು.

ಫಲವೆಷ್ಟು ಎಂದು ಲೆಕ್ಕ ಹಾಕುವವರಿಗೆ ಹ್ಯಾಂಡ್ಸರ ಸೇವೆಯು ಬಡವಾಗಿ ಕಾಣಬಹುದು. ಅಷ್ಟು ವರ್ಷಗಳ ದುಡಿಮೆಯಲ್ಲಿ ಬಳ್ಳಾರಿಯ ಪೇಟೆಯವರಲ್ಲಿ ಸಭೆಗೆ ಸೇರಿದವರು ಬಹು ಸ್ವಲ್ಪ ಮಂದಿ. ಆದರೆ ಬಳ್ಳಾರಿಯು ತಾಯಿಬೇರಾಯಿತು. 1820ರಲ್ಲಿ ಜೋಸೆಫ್ ಟೇಲರರು ಬಳ್ಳಾರಿಯಿಂದ ಹೊರಟು ಬೆಳಗಾವಿಯಲ್ಲಿ ಕೆಲಸವನ್ನು ಆರಂಭಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿಯೂ ಲಂಡನ್ ಮಿಶನ್ ನೆಲೆಗೊಂಡಿತು. ಇವೆಲ್ಲಾ ದಂಡು ಇದ್ದ ಪಟ್ಟಣಗಳೇ ಎಂಬದನ್ನು ವಾಚಕರು ಗಮನಿಸಬೇಕು. ಕಂಪನಿಯ ಕುದುರೆಯ ಹೆಜ್ಜೆಯನ್ನು ಹಿಡಿದೇ ಮಿಶನ್ ನಡೆಯಿತು ಎಂಬ ಆಕ್ಷೇಪಣೆಯು ಪೂರ್ಣವಾಗಿ ಸುಳ್ಳಲ್ಲ. ಆಳುವವರ ನೆರಳಿನಲ್ಲಿ ನಿಂತು ಆಳಲ್ಪಡುವವರಿಗೆ ಪ್ರೀತಿಯನ್ನು ಸಾರುವದು ಕಷ್ಟ. ಆ ನೆರಳಿನಿಂದ ಹೊರಗೆ ಬರುವದಕ್ಕೆ ಸಭೆಗಳಿಗೆ ನೂರಕ್ಕಿಂತ ಹೆಚ್ಚು ವರ್ಷಗಳು ಬೇಕಾದವು. ಹ್ಯಾಂಡ್ಸರು ಕೊನೆಗೆ ಸ್ವದೇಶಕ್ಕೆ ಹಿಂದಿರುಗಿ, ವೃದ್ಧಾಪ್ಯವನ್ನು ಮುಟ್ಟಿ, 1864ರಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ಅವರು ಬಿತ್ತಿದ ಬೀಜದ ಮುಂದಿನ ಕಥೆಯನ್ನೂ ಇಲ್ಲಿ ಸಂಗ್ರಹವಾಗಿ ಹೇಳುವದು ಯುಕ್ತ. 1846ರಲ್ಲಿ ವಾರ್ಡ್‌ಲಾ ಪಾದ್ರಿಗಳು ಬಳ್ಳಾರಿಯಲ್ಲಿ ಇಂಗ್ಲಿಷ್ ವಿದ್ಯಾಶಾಲೆಯನ್ನು ಸ್ಥಾಪಿಸಿದರು. ಇಂಗ್ಲಿಷ್ ವಿದ್ಯೆಯ ಮೂಲಕ ಪೇಟೆಯ ಮೇಲ್ವರ್ಗದವರು ಕ್ರಿಸ್ತನ ಬಳಿಗೆ ಬರುವರೆಂಬದು ಆ ಕಾಲದ ನಿರೀಕ್ಷೆ. ನಿರೀಕ್ಷೆಯು ಹಾಗೆ ನೆರವೇರಲಿಲ್ಲ. ಅಲ್ಲಿ ಕಲಿತವರು ವಕೀಲರೂ ಉಪಾಧ್ಯಾಯರೂ ಅಧಿಕಾರಿಗಳೂ ಆದರು. ತಮ್ಮ ತಮ್ಮ ಮತದಲ್ಲಿಯೇ ಉಳಿದರು. ಕೊಟ್ಟದ್ದಕ್ಕೆ ಪ್ರತಿಫಲವನ್ನು ಕೇಳದೆ ಕೊಡಬೇಕೆಂಬ ಪಾಠವನ್ನು ಸಭೆಯು ಇಂತಹ ಶಾಲೆಗಳಲ್ಲಿಯೇ ಕಲಿತಿತು. ಇದು ಎರಡನೆಯ ಬದಲಾವಣೆ. ಅದೇ ಕಾಲದಲ್ಲಿ, 1840ರ ದಶಕದ ಆದಿಯಲ್ಲಿ, ಬೆಂಗಳೂರಿನ ಪೇಟೆಯಲ್ಲಿ ಸೂವೆಲ್ ಮತ್ತು ರೈಸ್ ಪಾದ್ರಿಗಳ ಪತ್ನಿಯರು ಕನ್ನಡ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಹುಡುಗಿಗೆ ಓದು ಬಂದರೆ ಮನೆಗೆ ಕೇಡೆಂದು ನಂಬಿದ್ದ ಕಾಲದಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದು ತಂದ ಆ ಸ್ತ್ರೀಯರ ಧೈರ್ಯವು ಪುರುಷರ ಧೈರ್ಯಕ್ಕಿಂತ ಕಡಿಮೆಯದಲ್ಲ.

1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮಹಾ ಬರವು ಬಂದಿತು. ಮದರಾಸು ಆಧಿಪತ್ಯದಲ್ಲಿ ಬಹು ಕಠಿಣವಾಗಿ ಹೊಡೆತ ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಳ್ಳಿಗಳು ಬರಿದಾಗಿ ಜನರು ಗಂಜಿಯ ಕೇಂದ್ರಗಳಿಗೂ ಪಟ್ಟಣಗಳಿಗೂ ಹರಿದುಬಂದರು. ತಾಯಿತಂದೆಗಳನ್ನು ಕಳಕೊಂಡ ಮಕ್ಕಳಿಗೆ ಮಿಶನುಗಳು ಅನಾಥಶಾಲೆಗಳನ್ನು ತೆರೆದವು. ಅಕ್ಷರಕ್ಕಿಂತ ಮೊದಲು ಅನ್ನವೂ, ಉಪದೇಶಕ್ಕಿಂತ ಮೊದಲು ಆಶ್ರಯವೂ ಬೇಕೆಂಬದನ್ನು ಆ ಬರವು ಕಲಿಸಿತು. ಆ ಬಳಿಕ ದಕ್ಷಿಣ ಭಾರತದ ಎಷ್ಟೋ ಕಡೆಗಳಲ್ಲಿ ಹಳ್ಳಿಗಳ ಬಡ ದಲಿತ ಕುಟುಂಬಗಳು ಗುಂಪು ಗುಂಪಾಗಿ ಸಭೆಗೆ ಸೇರಿದವು. ಸಭೆಗಳ ದೃಷ್ಟಿಯು ಪೇಟೆಯಿಂದ ಹಳ್ಳಿಯ ಕಡೆಗೆ ತಿರುಗಿತು. ಪಟ್ಟಣವು ಆಸ್ಪತ್ರೆ, ಬೋರ್ಡಿಂಗ್ ಶಾಲೆ ಮತ್ತು ಪಾದ್ರಿಗಳ ಬಂಗಲೆ ಇರುವ ಸ್ಥಳವಾಗಿ ಉಳಿಯಿತು.

ಇತ್ತ ಲಂಡನ್ ಪಟ್ಟಣದಲ್ಲಿಯೂ ಸಭೆಯ ಕಣ್ಣು ತೆರೆಯುತ್ತಿತ್ತು. ಕೆಲಸ ಹುಡುಕಿಕೊಂಡು ಬರುವ ಯುವತಿಯರಿಗಾಗಿ 1855ರಲ್ಲಿ ಅಲ್ಲಿ ಹುಟ್ಟಿದ ಸೇವೆಯೇ ಈಗ ವೈ.ಡಬ್ಲ್ಯು.ಸಿ.ಎ. ಎಂದು ಲೋಕಪ್ರಸಿದ್ಧವಾಗಿದೆ. 1865ರಲ್ಲಿ ವಿಲಿಯಂ ಬೂತರು ಪೂರ್ವ ಲಂಡನಿನ ಬಡವರಲ್ಲಿ ಆರಂಭಿಸಿದ ಕೆಲಸವು ಮುಕ್ತಿಸೇನೆಯಾಯಿತು. 1884ರಲ್ಲಿ ಬಾರ್ನೆಟ್ ಪಾದ್ರಿಗಳು ಟಾಯ್ನ್‌ಬಿ ಭವನವನ್ನು ತೆರೆದು, ಕಲಿತ ತರುಣರು ಬಡವರ ಕೇರಿಯಲ್ಲಿಯೇ ವಾಸಮಾಡಿ ಕಲಿಯಬೇಕೆಂದು ತೋರಿಸಿದರು. ಒಬ್ಬನು ಕುಡಿಯುವದಕ್ಕೆ ಅವನ ಪಾಪವೊಂದೇ ಕಾರಣವಲ್ಲ. ಗಾಳಿಯಿಲ್ಲದ ಮನೆ, ಸಾಲದ ಕೂಲಿ, ಕೊಳೆತ ನೀರು, ಇವೂ ಕಾರಣಗಳೆಂಬ ತಿಳುವಳಿಕೆಯು ಮೆಲ್ಲಮೆಲ್ಲನೆ ಬಂದಿತು. ನಮ್ಮ ನಾಡಿನಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ನೇಯ್ಗೆಯನ್ನೂ, 1865ರಿಂದ ಹೆಂಚಿನ ಕಾರ್ಖಾನೆಯನ್ನೂ ನಡಿಸಿ ಮನೆಗಳಿಂದ ಹೊರದೂಡಲ್ಪಟ್ಟವರಿಗೆ ಅನ್ನದ ದಾರಿಯನ್ನು ಮಾಡಿಕೊಟ್ಟರು. ಆದರೆ ಸಭೆಯೇ ಧಣಿಯಾದರೆ ಸಭಿಕನು ಆಳಾಗುವನೆಂಬ ತೊಡಕನ್ನೂ ಆ ಕಾರ್ಖಾನೆಗಳು ತೋರಿಸಿಕೊಟ್ಟವು.

1947ರಲ್ಲಿ ದೇಶವು ಸ್ವತಂತ್ರವಾಯಿತು. ಅದೇ ವರ್ಷದ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಏಕೀಭವಿಸಿತು. 1957ರಲ್ಲಿ ಬೆಂಗಳೂರಿನಲ್ಲಿ ಧರ್ಮವನ್ನೂ ಸಮಾಜವನ್ನೂ ಕೂಡಿಸಿ ಅಭ್ಯಾಸಮಾಡುವ ಕ್ರೈಸ್ತ ಸಂಸ್ಥೆಯೊಂದು ಸ್ಥಾಪಿತವಾಗಿ, ಎಂ. ಎಂ. ತಾಮಸರೇ ಮೊದಲಾದವರು ಕಾರ್ಖಾನೆ, ಕೂಲಿ, ಸಂಘ, ನ್ಯಾಯ ಇವೆಲ್ಲವೂ ಸಭೆಯ ಚಿಂತನೆಗೆ ಸೇರಿದ ವಿಷಯಗಳೆಂದು ಬೋಧಿಸಿದರು. ಪಟ್ಟಣಕ್ಕಾಗಿ ಸಭೆಯೇ ಹೊರತು ಸಭೆಗಾಗಿ ಪಟ್ಟಣವಲ್ಲ ಎಂಬದು ಈ ಹೊಸ ತಿಳುವಳಿಕೆಯ ಸಾರ. ಇದು ನಿಜವಾಗಿ ಹೊಸದೂ ಅಲ್ಲ. ಬಾಬೆಲಿಗೆ ಸೆರೆಹೋದ ಜನರಿಗೆ ಯೆರೆಮೀಯ ಪ್ರವಾದಿಯು ಬರೆದ ಕಾಗದದಲ್ಲಿ, ತಾವಿರುವ ಪಟ್ಟಣದ ಕ್ಷೇಮಕ್ಕಾಗಿ ಶ್ರಮಿಸಬೇಕೆಂಬ ಬುದ್ಧಿವಾದವು ಮೊದಲಿನಿಂದಲೂ ಇತ್ತು. ಹ್ಯಾಂಡ್ಸರು ಅದನ್ನು ಕನ್ನಡಕ್ಕೆ ತಂದಿಟ್ಟಿದ್ದರು. ಓದಿ ತಿಳಿಯುವದಕ್ಕೆ ಸಭೆಗಳಿಗೆ ಕಾಲ ಹಿಡಿಯಿತು.

ಈ ಸೀಮೆಯ ಪಟ್ಟಣಗಳೂ ಹ್ಯಾಂಡ್ಸರು ಕಂಡ ಪಟ್ಟಣಗಳಾಗಿ ಉಳಿದಿಲ್ಲ. 1945ರಲ್ಲಿ ಆರಂಭವಾದ ತುಂಗಭದ್ರೆಯ ಅಣೆಕಟ್ಟಿನ ಕೆಲಸವು ಹೊಸಪೇಟೆಗೆ ಸಾವಿರಾರು ಕೂಲಿಗಳನ್ನು ತಂದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. ಕಾಲುವೆಯ ನೀರು ಕಂಪ್ಲಿಯ ಕಡೆಯ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿ ಮಾಡಿತು. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಕೆಲವರಿಗೆ ಐಶ್ವರ್ಯವನ್ನೂ ಅನೇಕರಿಗೆ ಧೂಳನ್ನೂ ಕೊಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆದಾಗ ಆ ಕೂಲಿಯನ್ನೇ ನಂಬಿದ್ದ ಮನೆಗಳ ಒಲೆಗಳು ತಣ್ಣಗಾದವು. 2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಮೆಟ್ರಿಯಂತಹ ಗ್ರಾಮಗಳಿಂದ ಓದಿಗಾಗಿಯೂ ಕೆಲಸಕ್ಕಾಗಿಯೂ ಪಟ್ಟಣಕ್ಕೆ ಬರುವ ಹೆಣ್ಣುಮಗಳಿಗೆ ಮೊದಲು ಬೇಕಾದದ್ದು ಭಯವಿಲ್ಲದೆ ಮಲಗುವ ಒಂದು ಕೋಣೆ, ನಂಬಿ ಮಾತಾಡಬಹುದಾದ ಒಬ್ಬ ಅಕ್ಕ, ಮರಳಿ ಮನೆಗೆ ಹೋಗುವ ತನಕ ಅವಳ ಮಾನವನ್ನು ಕಾಯುವ ಒಂದು ಸಮಾಜ. ಇದನ್ನು ಒದಗಿಸುವದೇ ಇಂದಿನ ಪಟ್ಟಣಸೇವೆ. ಇದಕ್ಕೆ ಪಾದ್ರಿಗಳ ಅಪ್ಪಣೆಯನ್ನು ಕಾಯಬೇಕಾದದ್ದಿಲ್ಲ. ಒಂದೊಂದು ಮನೆಯೂ ಇದನ್ನು ಮಾಡಬಹುದು.

ಹ್ಯಾಂಡ್ಸರ ಜೀವಿತದಿಂದ ನಾವು ತೆಗೆದುಕೊಳ್ಳತಕ್ಕ ಪಾಠಗಳು ಮೂರು. ಯಾರಿಗೆ ಸೇವೆ ಮಾಡಬೇಕೋ ಅವರ ಮಾತನ್ನು ಮೊದಲು ಕಲಿಯಬೇಕು. ಕಲಿಯುವದಕ್ಕೆ ಅವರನ್ನೇ ಗುರುಗಳನ್ನಾಗಿ ಮಾಡಿಕೊಳ್ಳಬೇಕು. ಫಲವನ್ನು ತಲೆಯೆಣಿಕೆಯಿಂದ ಅಳೆಯಬಾರದು. ನಾವು ಮಾಡಿದ ಕೆಲಸವನ್ನು ನಮ್ಮ ಹಿಂದೆ ಬರುವವರು ತಿದ್ದುವರೆಂದು ತಿಳಿದು, ಅದಕ್ಕಾಗಿ ನೊಂದುಕೊಳ್ಳದೆ, ತಿದ್ದುವದಕ್ಕೆ ಯೋಗ್ಯವಾದದ್ದನ್ನು ಬಿಟ್ಟು ಹೋಗಬೇಕು. ಈ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರು ಈಗ ಆಸ್ಪತ್ರೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಇದ್ದಾರೆ. ಅವರೆಲ್ಲರೂ ಕ್ರೈಸ್ತರಲ್ಲ, ಆದರೆ ತಾವು ಇಲ್ಲಿ ಪಡೆದ ಅಕ್ಷರವನ್ನೂ ಅಕ್ಕರೆಯನ್ನೂ ತಮ್ಮ ಊರಿನ ಇನ್ನೊಬ್ಬ ಹುಡುಗಿಗೆ ದಾಟಿಸಿದರೆ, ಬಳ್ಳಾರಿಯ ಪೇಟೆಯಲ್ಲಿ ದೀಪದ ಬೆಳಕಿನಲ್ಲಿ ಕೂತು ಕನ್ನಡದ ಒಂದೊಂದು ಮಾತನ್ನೂ ಹುಡುಕಿದ ಆ ಪುಣ್ಯಪುರುಷರ ಶ್ರಮವು ಸಾರ್ಥಕವಾಗುವದು. ಕರ್ತನು ಈ ಶಾಲೆಯನ್ನೂ, ಇದು ನಿಂತಿರುವ ಪಟ್ಟಣವನ್ನೂ, ಇಲ್ಲಿಗೆ ಮಕ್ಕಳನ್ನು ಕಳುಹಿಸುವ ಹಳ್ಳಿಗಳನ್ನೂ ಆಶೀರ್ವದಿಸಲಿ.